ಹತ್ತು ಎಣಿಸುವವರೆಗೆ

"ಅರವತ್ತೊಂದು. ಇನ್ನೂ ಎಳಸೈತೆ," ಎಂದ ಇಸ್ರಾರ್, ಪರದೆಯ ಮೂಲೆಯಲ್ಲಿ ಏರುತ್ತಿದ್ದ ಬಿಸಿಯ ಅಂಕಿಯಿಂದ ಕಣ್ಣು ಕೀಳದೆ. "ಎಂಬತ್ತೈದು ದಾಟ್ಲಿ. ಆಗ ಅಕ್ಕನ್ನ ಕರೀತೀನಿ."

ನರೇಂದ್ರ ತನ್ನ ಮೊಬೈಲನ್ನು ಒಂದು ಕೋಲಿಗೆ ಸಿಕ್ಕಿಸಿ, ಮೇಜಿನ ಮೇಲೆ ಬಗ್ಗಿ ನೋಡುವಂತೆ ನಿಲ್ಲಿಸುತ್ತಿದ್ದ. ಚನ್ನಪಟ್ಟಣದಲ್ಲಿ ಅವನದು ಮದುವೆ ವಿಡಿಯೋ ಮಾಡುವ ಸ್ಟುಡಿಯೋ. ಬೆಂಗಳೂರಿನಲ್ಲಿ ಯಾರೋ ವರ್ಷಗಟ್ಟಲೆ ಹಗಲೂ ರಾತ್ರಿ ಓಡಿಸಿ ಬಿಸಾಕಿದ ಗ್ರಾಫಿಕ್ಸ್ ಕಾರ್ಡನ್ನು ಕೊಂಡು ತಂದಿದ್ದ. ಹಾಕಿದ ವಾರದೊಳಗೆ ಅದು ಕಾದು ಕೆಂಡವಾಗಿ, ಕೆಲಸದ ನಡುವೆ ಪರದೆ ಕಪ್ಪಾಗತೊಡಗಿತ್ತು. ಅವನ ಜೊತೆ ನಯನಾ ಬಂದಿದ್ದಳು. ಹೊಂಗನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಅವನ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವ ಹುಡುಗಿ. ಇಬ್ಬರಿಗೂ ಈ ಕೆಲಸ ಚನ್ನಪಟ್ಟಣದಲ್ಲೇ ಆಗುತ್ತಿತ್ತು. ರಾಮನಗರದ ಇಸ್ರಾರನ ರಿಪೇರಿ ಅಂಗಡಿಯವರೆಗೆ ಬಂದದ್ದು ಅವನ ಅಕ್ಕ ಮುನ್ನೀಯ ಕೈ ನೋಡಲಿಕ್ಕೆ.

ಮೇಜಿನ ಮೇಲೆ ಕಂಪ್ಯೂಟರು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ, ಎರಡು ಫ್ಯಾನು ಎಲ್ಲವನ್ನೂ ಇಸ್ರಾರ್ ಮೊದಲೇ ಕಳಚಿ ಪಕ್ಕಕ್ಕಿಟ್ಟಿದ್ದ. ಗಾಳಿಯಿಲ್ಲದೆ ಕಾರ್ಡು ಬೇಯುತ್ತಿತ್ತು. ಅದರ ಚಿಪ್ಪಿನ ಮೇಲೆ, ಬಿಸಿಯನ್ನು ಹೀರಿಕೊಳ್ಳಲೆಂದು ಕೂರಿಸಿದ ಲೋಹದ ಗಟ್ಟಿಯೊಂದಿರುತ್ತದೆ. ಮೇಲೆಲ್ಲ ಅಲ್ಯೂಮಿನಿಯಂ ಪದರ, ತಳ ತಾಮ್ರ. ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚಿರುವ ಪೇಸ್ಟು ಹಳೆಯದಾದಂತೆ ಒಣಗಿ ಕಲ್ಲಾಗುತ್ತದೆ. ತಣ್ಣಗಿದ್ದಾಗ ಗಟ್ಟಿಯನ್ನು ಕೀಳಲು ಹೋದರೆ ಚಿಪ್ಪು ಒಡೆಯುತ್ತದೆ. ಕಾಯಿಸಿ, ಪೇಸ್ಟು ಮೆತ್ತಗಾದಾಗ ಹಿಡಿದು ತಿರುಗಿಸಬೇಕು. ಬೇರೆ ಅಂಗಡಿಗಳಲ್ಲಿ ಇದನ್ನು ದಪ್ಪ ಬಟ್ಟೆ ಸುತ್ತಿಕೊಂಡು ಮಾಡುತ್ತಾರೆ. ಇಸ್ರಾರನ ಅಂಗಡಿಯಲ್ಲಿ ಅದಕ್ಕೆ ಮುನ್ನೀ ಇದ್ದಳು; ಬರಿಗೈಯಲ್ಲಿ ಕಿತ್ತು, ಅವನು ಎಣಿಸಿ ಮುಗಿಸುವವರೆಗೂ ಹಿಡಿದೇ ಇರುತ್ತಿದ್ದಳು.

"ಎಷ್ಟು ಎಣಿಸ್ತೀಯ?" ಎಂದು ನರೇಂದ್ರ ಕೇಳಿದ.

"ಐದು. ಯಾವಾಗ್ಲೂ ಐದೇ."

"ಲೇ, ಐದನ್ನ ಊರೆಲ್ಲ ನೋಡವ್ರೆ ಕಣ್ಲಾ. ಮೊನ್ನೆ ಆ ಕನಕಪುರದೋನು ವಿಡಿಯೋ ಹಾಕಿದ್ನಲ್ಲ, ಅದೂ ಐದೇ. ಹತ್ತು ಮಾಡ್ಸು. ನಿನ್ನ ಅಂಗಡಿ ಹೆಸ್ರು ದಪ್ಪಕ್ಷರದಲ್ಲಿ ಹಾಕುಸ್ತೀನಿ."

ಇಸ್ರಾರ್ ಹಿಂದಕ್ಕೆ ತಿರುಗಿ ಅಕ್ಕನನ್ನು ನೋಡಿದ. ಅಂಗಡಿಯ ಹಿಂಭಾಗದಲ್ಲಿ, ಗೋಣಿಚೀಲದ ಮೇಲೆ ಕೂತು ಅವಳು ಬಣ್ಣದ ಬ್ರಶ್ಶಿನಿಂದ ಫ್ಯಾನುಗಳ ಧೂಳು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹತ್ತೇನು, ಇಪ್ಪತ್ತು ಎಣ್ಸು," ಎಂದ ಇಸ್ರಾರ್. "ಕೈ ಅಲ್ಲ ಕಣಯ್ಯ ಅವು, ಸೌದೆ."

ನರೇಂದ್ರ ನಕ್ಕ. ಗಿರಾಕಿಗಳ ಎದುರು ಇಸ್ರಾರ್ ಅಕ್ಕನ ವಿಷಯವನ್ನು, ಅಕ್ಕನ ಜೊತೆಯ ಮಾತನ್ನು ಕೂಡ, ಕನ್ನಡದಲ್ಲೇ ಆಡುತ್ತಿದ್ದ. ಬಂದವರಿಗೆ ಅರ್ಥವಾಗಬೇಕು. ಉರ್ದು ಮನೆಯೊಳಗಿನ ಮಾತು.

ಮುನ್ನೀ ಬ್ರಶ್ಶನ್ನು ಎಡಗೈಗೆ ಬದಲಾಯಿಸಿಕೊಂಡಳು. ಬಲಗೈಯ ಬೆರಳುಗಳು ತುದಿಯಿಂದ ಮೂರನೆಯ ಗೆಣ್ಣಿನವರೆಗೂ ಮೆಹಂದಿಯಿಂದ ಕಪ್ಪುಗೆಂಪಾಗಿದ್ದವು. ಹತ್ತು ಎಂದರೆ ಎಷ್ಟು ಹೊತ್ತು ಎಂದು ಅವಳು ಮನಸ್ಸಿನಲ್ಲೇ ಎಣಿಸಿ ನೋಡಿದಳು. ನರೇಂದ್ರನಂಥವರು ನಿಧಾನವಾಗಿ ಎಣಿಸುತ್ತಾರೆ.

ಒಂಬತ್ತು ವರ್ಷದವಳಿದ್ದಾಗ ಅಬ್ಬಾ ಅವಳನ್ನು ರೇಷ್ಮೆ ನೂಲು ತೆಗೆಯುವ ತೊಟ್ಟಿಯ ಮುಂದೆ ಕೂರಿಸಿದ್ದರು. ಕುದಿನೀರಿನಲ್ಲಿ ಬೇಯುವ ಗೂಡುಗಳನ್ನು ಬೆರಳಿನಿಂದ ತಿರುವಿ, ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ, ಮೇಲಕ್ಕೆ ಎತ್ತಿ ಚರಕಕ್ಕೆ ಕೊಡಬೇಕು. ಮೊದಲ ದಿನ ಅವಳ ಕೈ ಸೀದು ಬೊಬ್ಬೆ ಎದ್ದಿತ್ತು. ಅಬ್ಬಾ ಬೊಬ್ಬೆಗಳನ್ನು ನೋಡಿ, "ಅಳು ಒಂದು ತಿಂಗಳು. ಆಮೇಲೆ ಕೈ ತಾನೇ ಕಲಿಯುತ್ತೆ" ಎಂದಿದ್ದರು. ಅವರು ಹೇಳಿದ್ದು ನಿಜವಾಯಿತು. ಎರಡು ವರ್ಷದಲ್ಲಿ ಬೆರಳುಗಳ ಮೇಲೆ ಒಣರೊಟ್ಟಿಯಂಥ ಚರ್ಮ ಬೆಳೆಯಿತು. ಬಿಸಿಯೂ ಇಲ್ಲ, ತಣುಪೂ ಇಲ್ಲ. ಆ ಕೈಯ ದುಡಿಮೆಯಲ್ಲೇ ತಮ್ಮ ಇಸ್ರಾರ್ ಶಾಲೆಗೆ ಹೋದ, ಆಮೇಲೆ ಐ.ಟಿ.ಐ.ಗೆ ಹೋದ. ಅವನ ಬೆರಳು ಇವತ್ತಿಗೂ ಹೆಣ್ಣುಮಕ್ಕಳ ಬೆರಳಿನಂತೆ ನುಣುಪು.

ಮುನ್ನೀಯನ್ನು ಮಾಗಡಿಗೆ ಕೊಟ್ಟರು. ಅಲ್ಲೂ ರೇಷ್ಮೆಯ ತೊಟ್ಟಿ. ಗಂಡ ಬೇಗ ಸತ್ತ. ಮಕ್ಕಳಾಗಲಿಲ್ಲ. ಮೈದುನ ತಾಜ್ ಪಾಷಾ ಅವಳನ್ನು ತೊಟ್ಟಿಗೆ ಬೇಕೆಂದು ಇಟ್ಟುಕೊಂಡ. ಗೂಡು ಒಣಗಿಸುವ ಕೋಣೆಯಲ್ಲಿ, ಸತ್ತ ಹುಳದ ವಾಸನೆಯ ನಡುವೆ ಅವಳ ಹಾಸಿಗೆ. ಕತ್ತಲಾದ ಮೇಲೆ ಹೊರಗಿನಿಂದ ಬೀಗ. ಒಮ್ಮೆ ಎಳೆ ಪದೇ ಪದೇ ತುಂಡಾಯಿತೆಂದು ಅವಳ ಮುಖವನ್ನು ತೊಟ್ಟಿಯ ಆವಿಗೆ ಒತ್ತಿ ಹಿಡಿದಿದ್ದ. ಇಪ್ಪತ್ತೆಂಟು ವರ್ಷ. ಎರಡು ವರ್ಷದ ಹಿಂದೆ ಆ ಘಟಕ ಮುಚ್ಚಿದಾಗ, ಒಂದು ಚೀಲ ಹಿಡಿದುಕೊಂಡು ಅವಳು ತಮ್ಮನ ಮನೆಗೆ ಬಂದುಬಿಟ್ಟಳು.

ತಮ್ಮನ ಹೆಂಡತಿ ಕೆಹಕಶಾನ್ ಮೂರು ತಿಂಗಳು ಸುಮ್ಮನಿದ್ದಳು. ಆಮೇಲೆ ತಟ್ಟೆಗಳ ಸದ್ದು ಜೋರಾಯಿತು. ಅಷ್ಟರಲ್ಲಿ ತಾಜ್ ಪಾಷಾನ ಫೋನೂ ಬಂತು. ಅವನ ತಾಯಿಗೆ ಲಕ್ವ ಹೊಡೆದಿತ್ತು, ಹೊಲಸು ತೊಳೆಯಲು ಒಬ್ಬಳು ಬೇಕಿತ್ತು. "ಕಳಿಸಿಬಿಡು" ಎಂದ. ಇಸ್ರಾರ್ "ಕಳಿಸ್ತೀನಿ ಭಾಯ್" ಎಂದದ್ದನ್ನು ಮುನ್ನೀ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಳು.

ಅದೇ ವಾರ ಅಂಗಡಿಗೆ ಒಂದು ಹಳೆಯ ಕಾರ್ಡು ಬಂತು. ಇಸ್ರಾರ್ ಅದನ್ನು ಕಾಯಿಸಿ, ಗಟ್ಟಿಯನ್ನು ಹಿಡಿದು ತಿರುಗಿಸಲು ಹೋಗಿ, ಬೆರಳು ಸುಟ್ಟುಕೊಂಡು ಬೈಯುತ್ತಾ ಕುಣಿದಾಡುತ್ತಿದ್ದ. ಊಟದ ಡಬ್ಬಿ ತಂದಿದ್ದ ಮುನ್ನೀ ಡಬ್ಬಿ ಕೆಳಗಿಟ್ಟು, ತೊಟ್ಟಿಯಿಂದ ಗೂಡು ಎತ್ತುವವಳ ಹಾಗೆ ಅದನ್ನು ಹಿಡಿದು ತಿರುಗಿಸಿ ತೆಗೆದುಕೊಟ್ಟಳು. ಅಲ್ಲಿದ್ದ ಗಿರಾಕಿಯೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದ. ಎರಡು ದಿನದಲ್ಲಿ ಅದು ಸಾತನೂರು, ಕಬ್ಬಾಳಿನ ಹುಡುಗರ ಮೊಬೈಲಿಗೂ ಹೋಗಿತ್ತು. ಯಾರೋ 'ಬೆಂಕಿ ಆಪಾ', ಬೆಂಕಿ ಅಕ್ಕ, ಎಂದು ಹೆಸರಿಟ್ಟರು. ಗೂಡಿನ ಮಾರುಕಟ್ಟೆಯ ಪಕ್ಕದ ಸಂದಿಯಲ್ಲಿ ಯಾರೂ ಹುಡುಕಿಕೊಂಡು ಬರದಿದ್ದ ಅಂಗಡಿಗೆ ಜನ ವಿಳಾಸ ಕೇಳಿಕೊಂಡು ಬರತೊಡಗಿದರು. ಒಂದು ಸಂಜೆ ಕೆಹಕಶಾನಳಿಗೆ ಇಸ್ರಾರ್ ಹೇಳಿದ: "ಅವಳ ಕೈ ಹೀಗಿರೋವರೆಗೂ ಅವಳು ಇಲ್ಲಿರ್ತಾಳೆ. ಕೈ ಹೋದ ದಿನ ಮಾಗಡಿ ಬಸ್ಸು."

ಮುನ್ನೀಗೆ ಅಷ್ಟು ಸಾಕಾಗಿತ್ತು. ಸೌದೆ ಎಂದರೂ ಸರಿ, ಬೆಂಕಿ ಎಂದರೂ ಸರಿ.

ಆದರೆ ತೊಟ್ಟಿ ಬಿಟ್ಟು ಎರಡು ವರ್ಷವಾಗಿತ್ತು. ಬೆರಳಿನ ಮೇಲಿನ ಚರ್ಮ ಮೊದಲು ಬಿರುಕು ಬಿಟ್ಟಿತು. ಆಮೇಲೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳತೊಡಗಿತು. ಅಡಿಯಲ್ಲಿ ತೆಳ್ಳಗಿನ ಗುಲಾಬಿ ಚರ್ಮ. ಹೋದ ರಂಜಾನಿಗೆ ಮುಂಚೆ ಒಂದು ಮಧ್ಯಾಹ್ನ, ಇಸ್ರಾರನ ನಾಲ್ಕು ವರ್ಷದ ಮಗಳು ಮಿಸ್ಬಾ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಮುನ್ನೀ ಅಭ್ಯಾಸದಂತೆ ಅವಳ ಹಣೆ ಸವರಿದಳು. ಕೈ ನಿಂತಿತು. ಹಣೆ ಕಾದಿತ್ತು. ಅದು ಕಾದಿದೆ ಎಂದು ಬೆರಳು ಹೇಳಿತು. ಆ ಬಿಸಿಯ ಜೊತೆಗೇ ಮಗುವಿನ ಚರ್ಮದ ನುಣುಪು, ಹುಬ್ಬಿನ ಕೂದಲು, ಬೆವರಿನ ತೇವ, ಎಲ್ಲವೂ ಒಟ್ಟಿಗೆ ಬಂದುಬಿಟ್ಟವು. ಅವಳು ಮಗುವಿನ ಕೆನ್ನೆಯನ್ನು ಮತ್ತೆ ಮತ್ತೆ ಮುಟ್ಟಿದಳು. ಐವತ್ತೊಂದು ವರ್ಷದ ಹೆಂಗಸು, ಸಿಹಿ ಕದ್ದು ತಿನ್ನುವ ಮಗುವಿನಂತೆ.

"ಮಗೂಗೆ ಜ್ವರ ಬಂದಿದೆ," ಎಂದು ಕೂಗಿದಳು.

ಅಡುಗೆಮನೆಯಿಂದ ಕೆಹಕಶಾನ್ ನಕ್ಕಳು. "ಯಾರು ಹೇಳ್ತಿರೋದು ನೋಡಿ! ನಿನ್ನ ಕೈಗೆ ಕೆಂಡವೂ ಒಂದೇ, ಕಲ್ಲಂಗಡಿಯೂ ಒಂದೇ. ನಿನಗೆ ಜ್ವರ ಗೊತ್ತಾಯ್ತಾ?"

ಆದರೂ ಬಂದು ಮುಟ್ಟಿ ನೋಡಿದಳು. ಥರ್ಮಾಮೀಟರು ಇಟ್ಟಾಗ ನೂರಾ ಎರಡು. ಕೆಹಕಶಾನಳ ಕಣ್ಣು ಮಗುವಿನಿಂದ ಮುನ್ನೀಯ ಕೈಗೆ ಇಳಿಯಿತು. "ಮುಖ ನೋಡಿ ಗೊತ್ತಾಯ್ತು," ಎಂದು ಮುನ್ನೀ ಸೆರಗಿನೊಳಗೆ ಕೈ ಮುದುಡಿಕೊಂಡಳು.

ಮರುದಿನದಿಂದ ಅವಳು ಎಲ್ಲರಿಗಿಂತ ಮೊದಲು ಎದ್ದು, ಸ್ನಾನದ ಹಂಡೆಯಲ್ಲಿ ನೀರು ಕುದಿಯುವಾಗ ಎರಡೂ ಕೈಗಳನ್ನು ಅದ್ದತೊಡಗಿದಳು. ಒಂಬತ್ತು ವರ್ಷದವಳಿದ್ದಾಗ ಆದದ್ದು ಈಗಲೂ ಆಗಬೇಕು. ಅಳು ಒಂದು ತಿಂಗಳು, ಆಮೇಲೆ ಕೈ ತಾನೇ ಕಲಿಯುತ್ತದೆ. ಬಾಯಲ್ಲಿ ಸೆರಗು ತುರುಕಿಕೊಂಡು ಇಪ್ಪತ್ತರವರೆಗೆ ಎಣಿಸುವಳು. ತಿಂಗಳಾಯಿತು, ಎರಡಾಯಿತು, ಮೂರಾಯಿತು. ಮುದಿ ಕೈ ಏನನ್ನೂ ಕಲಿಯಲಿಲ್ಲ. ಹಳೆಯ ದಪ್ಪ ಚರ್ಮ ಬೆಳೆಯುವ ಬದಲು ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತು. ಕೆಂಪು ಕಾಣದಿರಲೆಂದು ಅವಳು ಬೆರಳಿಗೆಲ್ಲ ಮೆಹಂದಿ ಮೆತ್ತಿಕೊಂಡಳು.

"ಈ ವಯಸ್ಸಲ್ಲಿ ಮೆಹಂದಿ," ಎಂದು ಕೆಹಕಶಾನ್ ಆಡಿಕೊಂಡಳು. "ಯಾವ ವರ ಬರ್ತಿದ್ದಾನೆ ಆಪಾ, ನಮಗೂ ಹೇಳು."

"ಎಪ್ಪತ್ತೊಂಬತ್ತು," ಎಂದ ಇಸ್ರಾರ್ ಮೇಜಿನ ಹತ್ತಿರದಿಂದ.

ನಯನಾ ನೀರು ಕುಡಿಯಲೆಂದು ಹಿಂದಕ್ಕೆ ಬಂದಳು. ಕ್ಯಾನಿನಿಂದ ಲೋಟಕ್ಕೆ ನೀರು ಹಿಡಿಯುತ್ತಾ ಮುನ್ನೀಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಆಂಟಿ, ನಿಜವಾಗ್ಲೂ ಏನೂ ಗೊತ್ತಾಗಲ್ವ ನಿಮ್ಗೆ?"

"ಏನ್ ಗೊತ್ತಾಗ್ಬೇಕಮ್ಮ?"

"ಬಿಸಿ."

"ಚಿಕ್ಕವಳಿದ್ದಾಗಿಂದ ಕುದಿನೀರಲ್ಲಿ ಅದ್ದಿದ್ ಕೈ ಮಗಾ. ಸತ್ತೋಗವೆ."

ನಯನಾ ಅವಳ ಕೈಗಳನ್ನೇ ನೋಡುತ್ತಿದ್ದಳು. ಲೋಟದಿಂದ ತುಳುಕಿದ ತಣ್ಣೀರಿನ ಎರಡು ಹನಿ ಮುನ್ನೀಯ ಬೆರಳ ಮೇಲೆ ಬಿತ್ತು. ಬೆರಳು ಚಕ್ಕನೆ ಒಳಕ್ಕೆ ಮಡಚಿಕೊಂಡಿತು. ಇಬ್ಬರೂ ಅದನ್ನು ನೋಡಿದರು.

"ಆಂಟಿ..."

"ಹೋಗಮ್ಮ, ನಿಮ್ ಅಣ್ಣ ಕರೀತವ್ರೆ," ಎಂದಳು ಮುನ್ನೀ. ನರೇಂದ್ರ ಕರೆದಿರಲಿಲ್ಲ. ಹುಡುಗಿ ಏಳದಿದ್ದಾಗ ಅವಳು ಇನ್ನೂ ತಗ್ಗಿದ ದನಿಯಲ್ಲಿ ಹೇಳಿದಳು: "ಏನೂ ಹೇಳ್ಬೇಡ. ನಿನ್ ಕಾಲಿಗೆ ಬೀಳ್ತೀನಿ. ಇದೊಂದೇ ನನಗಿರೋದು."

"ಎಂಬತ್ತಾರು! ಆಪಾ, ಬಾ, ಬಾ."

ಇಸ್ರಾರ್ ಪವರ್ ಆಫ್ ಮಾಡಿ, ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿದು ಹೊರಗೆಳೆದ. ಮುನ್ನೀ ಬಂದು ಅಂಗೈ ಚಾಚಿದಳು. ಲೋಹದ ಗಟ್ಟಿ ಕೆಳಗಾಗುವಂತೆ ಅವನು ಅದನ್ನು ಅಕ್ಕನ ಅಂಗೈ ಮೇಲೆ ಇಟ್ಟು, ಹಿಂಬದಿಯ ನಾಲ್ಕು ಸ್ಪ್ರಿಂಗ್ ತಿರುಪುಗಳನ್ನು ಒಂದು ಬಿಟ್ಟು ಒಂದು ಎದುರುಬದುರಾಗಿ ಬಿಚ್ಚತೊಡಗಿದ. ಅವಸರ ಮಾಡಲಿಲ್ಲ. ಒಂದೇ ಬದಿಯನ್ನು ಮೊದಲು ಬಿಚ್ಚಿದರೆ ಚಿಪ್ಪಿನ ಮೂಲೆ ನಲುಗುತ್ತದೆ.

ಮುನ್ನೀಯ ಮುಖದಲ್ಲಿ ಒಂದು ನಗು ಇತ್ತು. ಮೊದಲ ವಿಡಿಯೋದಲ್ಲಿ ಜನ ಮೆಚ್ಚಿದ ನಗು. ಅದನ್ನು ಹಾಗೇ ಹಿಡಿದಿಡುವುದನ್ನು ಅವಳು ಕಲಿತಿದ್ದಳು. ಹಲ್ಲು ಒಂದರ ಮೇಲೊಂದು ಕೂತಿರಬೇಕು, ತುಟಿ ಮಾತ್ರ ಸಡಿಲ ಇರಬೇಕು.

"ತಿರುಗ್ಸು."

ಅವಳು ತಿರುಗಿಸಿದಳು. ಅಂಟು ಬಿಟ್ಟ ಸಣ್ಣ ಸದ್ದಾಯಿತು. ಕಾರ್ಡು ಬೇರೆಯಾಗಿ ತಮ್ಮನ ಕೈಗೆ ಹೋಯಿತು. ಗಟ್ಟಿ ಅವಳ ಕೈಯಲ್ಲಿ ಉಳಿಯಿತು. ಅಲ್ಲಿಗೆ ಕೆಲಸ ಮುಗಿದಿತ್ತು.

"ಕೆಳಗಿಡ್ಬೇಡಿ, ಕೆಳಗಿಡ್ಬೇಡಿ!" ಎಂದು ನರೇಂದ್ರ ಓಡಿ ಬಂದ. "ಮೊದ್ಲು ಬಿಸಿ ಐತೆ ಅಂತ ತೋರುಸ್ಬೇಕಲ್ಲ." ಕ್ಯಾಮೆರಾದ ಮುಂದೆ ಬಾಗಿ, ತಾಮ್ರದ ತಳಕ್ಕೆ ತೋರುಬೆರಳು ತಾಕಿಸಿ, "ಅಯ್ಯಯ್ಯಪ್ಪೋ!" ಎಂದು ಕೈ ಒದರಿದ. ಅರ್ಧ ನಟನೆ, ಅರ್ಧ ನಿಜ. "ನಯನಾ, ನೀನೂ ಮುಟ್ಟು. ಲೇಡೀಸ್ ಮುಟ್ಟಿದ್ರೆ ಜನ ಜಾಸ್ತಿ ನೋಡ್ತಾರೆ."

"ಬ್ಯಾಡ ಅಣ್ಣ."

"ಮುಟ್ಟಮ್ಮ, ಸುಮ್ನೆ."

ನಯನಾ ಮುಟ್ಟಿದಳು. ಬೆರಳನ್ನು ಬಾಯಿಗಿಟ್ಟುಕೊಂಡು ಮುನ್ನೀಯ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ನರೇಂದ್ರನಿಗೆ ಖುಷಿಯಾಯಿತು. "ಹಂಗೇ ಇರು, ಹಂಗೇ ಇರು. ಸೂಪರ್. ಆಪಾ, ಈಗ ತಾಮ್ರದ ಕಡೆ ಕೈಯೊಳಗೆ ಬರಂಗೆ ಹಿಡ್ಕಳಿ. ಬೆರಳು ಮುಚ್ಚಿ. ಹಾಂ. ಒಂದು..."

ಮುನ್ನೀ ಬೆರಳು ಮುಚ್ಚಿದಳು.

"ಎರಡು... ಮೂರು..."

ಅವಳು ಮಾಗಡಿಯ ಕೋಣೆಯನ್ನು ನೆನೆದಳು. ಬಾಗಿಲ ಹೊರಗೆ ಬೀಗ ಬೀಳುವ ಸದ್ದು. ಗೋಡೆಗೆ ಒರಗಿಸಿದ ಬಿದಿರಿನ ತಟ್ಟೆಗಳು. ಅಲ್ಲಿಗಿಂತ ಇದು ವಾಸಿ. ಇದು ಹತ್ತಕ್ಕೆ ಮುಗಿಯುತ್ತದೆ.

"ನಾಲ್ಕು... ಐದು..."

ಐದಕ್ಕೆ ಕೈ ತಾನಾಗಿ ಬಿಚ್ಚಲು ಹೋಯಿತು. ಐದು ಅದಕ್ಕೆ ರೂಢಿ. ಅವಳು ಎಡಗೈಯಿಂದ ಬಲಗೈ ಮುಷ್ಟಿಯನ್ನು ಹಿಡಿದು ಒತ್ತಿಕೊಂಡಳು.

"ನೋಡಿ ಸ್ನೇಹಿತ್ರೇ, ಎರಡೂ ಕೈಲಿ ಅಪ್ಕೊಂಡವ್ರೆ! ಆರು..."

ಮೊಬೈಲು ರಿಂಗಾಗತೊಡಗಿತು. ಪರದೆಯ ಮೇಲೆ ಯಾರದೋ ಹೆಸರು ಬಂದು, ಚಿತ್ರೀಕರಣ ನಿಂತುಹೋಯಿತು.

"ಥೂ ಇವ್ನಜ್ಜಿ! ಆ ಮದುವೆ ಗಂಡಿನ ಅಪ್ಪ. ಈಗ್ಲೇ ಬರ್ಬೇಕಿತ್ತಾ?" ನರೇಂದ್ರ ಕರೆಯನ್ನು ಕತ್ತರಿಸಿ, ಮೊಬೈಲನ್ನು ತಿರುವಿ ಮುರುವಿ ನೋಡಿದ. "ಆರಕ್ಕೇ ನಿಂತೋಯ್ತು. ಮೊದ್ಲಿಂದ ಮಾಡ್ಬೇಕು."

ಮುನ್ನೀ ಗಟ್ಟಿಯನ್ನು ಮೇಜಿನ ಮೇಲಿಟ್ಟಿದ್ದಳು. ಅಂಗೈಯನ್ನು ಸೀರೆಯ ಮಡಿಕೆಗೆ ಒತ್ತಿಕೊಂಡಿದ್ದಳು.

"ಸಾಕು ಬಿಡಿ ಅಣ್ಣ, ಆರವರೆಗೂ ಇರೋದನ್ನೇ ನಾನು ಎಳೆದು ಹತ್ತು ಮಾಡ್ತೀನಿ," ಎಂದಳು ನಯನಾ.

"ಸುಳ್ ಸುಳ್ಳೇ ಮಾಡಿದ್ರೆ ಕೆಳಗೆ ಬೈದು ಬರೀತಾರೆ. ನಿಂಗೆ ಗೊತ್ತಾಗಲ್ಲ, ಸುಮ್ನಿರು." ನರೇಂದ್ರ ಗಟ್ಟಿಗೆ ಬೆರಳು ಸೋಕಿಸಿ ನೋಡಿದ. "ಆರೋಗೈತಲ್ಲೋ ಇಸ್ರಾರ್."

ಇಸ್ರಾರ್ ಅಕ್ಕನ ಕಡೆ ನೋಡಿದ. ಒಂದು ಕ್ಷಣ ಜಾಸ್ತಿಯೇ ನೋಡಿದ. ಸಾಕು ಎನ್ನುತ್ತಾನೆಂದು ಮುನ್ನೀ ಕಾದಳು. ಅವನು ಚಿಕ್ಕವನಿದ್ದಾಗ ತೊಟ್ಟಿಯ ಬಳಿ ಬಂದರೆ ಇವಳೇ ಎಡಗಾಲಿನಿಂದ ಅವನನ್ನು ದೂರ ತಳ್ಳುತ್ತಿದ್ದಳು, ನೀರು ಸಿಡಿದೀತೆಂದು.

ಅವನು ಕೈ ಚಾಚಿ, ಚಿಪ್ಪು ಕೀಳಲು ಬಳಸುವ ಬಿಸಿಗಾಳಿಯ ಬ್ಲೋವರನ್ನು ಎತ್ತಿಕೊಂಡು ಗುಂಡಿ ಒತ್ತಿದ. ತಾಮ್ರದ ತಳದ ಮೇಲೆ ಗಾಳಿಯನ್ನು ಸುತ್ತ ಸುತ್ತ ಬಿಟ್ಟ. ಮೇಲಿದ್ದ ಹಳೆಯ ಪೇಸ್ಟಿನ ಚೂರುಗಳು ಮೆತ್ತಗಾಗಿ ಹೊಳೆದವು. ಸೀದ ವಾಸನೆ ಬಂತು.

"ಈಗ ಹಿಡ್ಕೊ ಆಪಾ," ಎಂದ. ಕನ್ನಡದಲ್ಲೇ.

ಅವಳು ಹಿಡಿದಳು.

ನರೇಂದ್ರ ಈ ಸಲ ಇನ್ನೂ ನಿಧಾನವಾಗಿ, ಪ್ರತಿ ಅಂಕಿಗೂ ಒಂದೊಂದು ಮಾತು ಸೇರಿಸಿ ಎಣಿಸಿದ. ನಾಲ್ಕಕ್ಕೆ ಮುನ್ನೀಯ ನಗು ಒಂದು ಕಡೆ ವಾಲಿತು. ಆರಕ್ಕೆ ಬಲಗಣ್ಣಿನಿಂದ ನೀರು ಇಳಿದು ಗಲ್ಲದವರೆಗೂ ಬಂತು. ಏಳಕ್ಕೆ ನಯನಾ ಗೋಡೆಯ ಕಡೆ ತಿರುಗಿ ನಿಂತಳು. ಎಂಟಕ್ಕೆ ನರೇಂದ್ರ ಬೆರಳಿನಿಂದ ಇನ್ನೂ ಎರಡು, ಇನ್ನೂ ಎರಡು ಎಂದು ತೋರಿಸಿದ. ಒಂಬತ್ತು. ಹೊರಗೆ ಬೀದಿಯಲ್ಲಿ ಗೂಡು ತುಂಬಿದ ಗಾಡಿಯೊಂದು ಹಾರನ್ ಹೊಡೆಯುತ್ತಾ ನಿಂತುಕೊಂಡಿತು. ಆ ಸದ್ದು ಹೋಗಲೆಂದು ಅವನು ಕಾದ. ಆಮೇಲೆ ಹತ್ತು ಎಂದ.

"ಚಪ್ಪಾಳೆ!" ಎಂದು ತಾನೇ ತಟ್ಟಿದ.

ಮುಷ್ಟಿ ಬಿಚ್ಚಲು ಮುನ್ನೀಗೆ ಎಡಗೈಯ ಸಹಾಯ ಬೇಕಾಯಿತು. ಗಟ್ಟಿಯನ್ನು ಇಟ್ಟು, ಗೋಣಿಚೀಲದ ಮೇಲೆ ಹೋಗಿ ಕೂತು, ಅಂಗೈಯನ್ನು ಬರಿ ಸಿಮೆಂಟು ನೆಲಕ್ಕೆ ಒತ್ತಿದಳು. ನೆಲ ತಣ್ಣಗಿತ್ತು. ಒಂದು ಜಾಗ ಬಿಸಿಯಾದಾಗ ಕೈಯನ್ನು ಪಕ್ಕಕ್ಕೆ ಸರಿಸಿದಳು.

ಮೇಜಿನ ಬಳಿ ಇಸ್ರಾರ್ ಈಗ ಬೇರೆಯೇ ಮನುಷ್ಯನಾಗಿದ್ದ. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಚಿಪ್ಪಿನ ಮೇಲಿನ ಹಳೆಯ ಪೇಸ್ಟನ್ನು ಗಾಯ ಒರೆಸುವಷ್ಟು ಹಗುರವಾಗಿ ಒರೆಸಿದ. "ಮಾತಾಡಬ್ಯಾಡ, ಉಸಿರು ಬೀಳ್ತದೆ," ಎಂದು ನರೇಂದ್ರನನ್ನು ಗದರಿದ. ಕನ್ನಡಿಯಂತೆ ಹೊಳೆಯುವವರೆಗೂ ಒರೆಸಿ, ಬೆಳಕಿಗೆ ಹಿಡಿದು, ಮೂಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಎಲ್ಲಿಯೂ ಒಂದು ಗೀರಿಲ್ಲ. ಹೊಸ ಪೇಸ್ಟನ್ನು ನಟ್ಟ ನಡುವೆ ತೊಗರಿಕಾಳಿನಷ್ಟು ಇಟ್ಟ. ಗಟ್ಟಿಯ ತಾಮ್ರದ ತಳಕ್ಕೆ ಏನೋ ಅಂಟಿತ್ತು. ತೆಳ್ಳಗಿನ, ಕಪ್ಪುಗೆಂಪು ಬಣ್ಣದ ಒಂದು ಪೊರೆ. ಅದನ್ನೂ ಸ್ಪಿರಿಟು ಹತ್ತಿಯಿಂದ ಒರೆಸಿ, ಹತ್ತಿಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದ. ಗಟ್ಟಿಯನ್ನು ಕೂರಿಸಿ, ತಿರುಪುಗಳನ್ನು ಎದುರುಬದುರಾಗಿ ಬಿಗಿದ. ಫ್ಯಾನು ಸಿಕ್ಕಿಸಿದ.

ಅರ್ಧ ಗಂಟೆ ಓಡಿಸಿದರೂ ಅಂಕಿ ಅರವತ್ತನಾಲ್ಕು ದಾಟಲಿಲ್ಲ.

"ಮಗು ಮಲಗ್ದಂಗೆ ಮಲಗೈತೆ ಕಣ್ಲಾ," ಎಂದ ನರೇಂದ್ರ. "ಏನ್ ಕೆಲ್ಸ ಮಾಡ್ತೀಯಪ್ಪ ನೀನು!"

ನಯನಾ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲೇ ವಿಡಿಯೋ ಕತ್ತರಿಸುತ್ತಿದ್ದಳು. ನರೇಂದ್ರ ಅವಳ ಹೆಗಲ ಮೇಲಿಂದ ಬಾಗಿ ನೋಡಿದ. "ಇಲ್ಲಿ ಕಣ್ಣೀರು ಕಾಣ್ತದೆ. ಜನಕ್ಕೆ ಅನುಮಾನ ಬತ್ತದೆ. ಮುಖ ತೆಗ್ದುಬುಡು, ಕೈ ಮಾತ್ರ ಇರ್ಲಿ."

ನಯನಾ ಏನೋ ಹೇಳಲು ಬಾಯಿ ತೆರೆದಳು. ಗೋಣಿಚೀಲದ ಮೇಲಿಂದ ಮುನ್ನೀ ಅವಳನ್ನೇ ನೋಡುತ್ತಿದ್ದಳು. ಹುಡುಗಿ ಬಾಯಿ ಮುಚ್ಚಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಮುಖ ಮೇಲಕ್ಕೆ ಸರಿದು ಚೌಕಟ್ಟಿನಿಂದ ಹೊರಗೆ ಹೋಯಿತು. ಮೆಹಂದಿ ಹಚ್ಚಿದ ಮುಷ್ಟಿ ಪರದೆಯ ತುಂಬ ಬಂತು.

"ಇದು ಚೆನ್ನಾಗೈತೆ," ಎಂದ ನರೇಂದ್ರ.

ಹೋಗುವಾಗ ಅವನು ಎದುರಿನ ಅಂಗಡಿಯಿಂದ ಎಲ್ಲರಿಗೂ ತಣ್ಣನೆಯ ಬಾದಾಮಿ ಹಾಲು ತರಿಸಿದ. ಮುನ್ನೀ ಕುಡಿಯಲಿಲ್ಲ. ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತಳು. ಅದು ಬೆಚ್ಚಗಾಗುವವರೆಗೂ ಹಿಡಿದೇ ಇದ್ದಳು. ನಯನಾ ಬಾಗಿಲಲ್ಲಿ ನಿಂತು, "ಬತ್ತೀನಿ ಆಂಟಿ," ಎಂದಳು. ಮುನ್ನೀ ತಲೆಯಾಡಿಸಿದಳು.

ಅವರು ಹೋದ ಮೇಲೆ ಇಸ್ರಾರ್ ಸ್ಕ್ರೂಡ್ರೈವರುಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟ. ಬೆನ್ನು ಮಾಡಿಕೊಂಡೇ ಮಾತು ತೆಗೆದ. ಈಗ ಉರ್ದುವಿನಲ್ಲಿ.

"ಹಂಡೆಯಲ್ಲಿ ಕೈ ಅದ್ದೋದು ಬಿಟ್ಟುಬಿಡು."

ಮುನ್ನೀ ಬಾಟಲಿಯನ್ನು ನೆಲಕ್ಕಿಟ್ಟಳು.

"ಬೊಬ್ಬೆ ಮೇಲೆ ಬೊಬ್ಬೆ ಬಂದ್ರೆ ಮೊಬೈಲಲ್ಲಿ ಕಾಣುತ್ತೆ. ಈಗಿನ ಕ್ಯಾಮೆರಾಗಳಲ್ಲಿ ಕೂದಲೂ ಕಾಣುತ್ತೆ. ಮೆಹಂದಿ ಸಾಕು. ಇನ್ನಷ್ಟು ದಟ್ಟವಾಗಿ ಹಚ್ಚಿಕೋ, ಅಂಗೈಗೂ."

"ನನ್ನ ಕೈಗೆ ಬಿಸಿ ತಿಳಿಯುತ್ತೆ ಅಂತ ಯಾವಾಗ ಗೊತ್ತಾಯ್ತು ನಿನಗೆ?"

"ಮಿಸ್ಬಾಗೆ ಜ್ವರ ಬಂದಾಗ." ಅವನು ಒಂದು ಸ್ಕ್ರೂಡ್ರೈವರಿನ ತುದಿಯನ್ನು ಬಟ್ಟೆಯಿಂದ ಒರೆಸಿದ. "ಕೆಹಕಶಾನ್ ಹೇಳಿದಳು."

ಮುನ್ನೀ ಲೆಕ್ಕ ಹಾಕಿದಳು. ಅದಾದ ಮೇಲೆ ಎಷ್ಟು ಕಾರ್ಡು ಬಂದಿದ್ದವು, ಎಷ್ಟು ಸಲ ಅವನು ಐದರವರೆಗೂ ಎಣಿಸಿದ್ದ. ಲೆಕ್ಕ ಸಿಗಲಿಲ್ಲ.

"ತಾಜ್ ಭಾಯ್ ನಿನ್ನೆಯೂ ಫೋನ್ ಮಾಡಿದ್ರು," ಎಂದ ಇಸ್ರಾರ್. "ಇಲ್ಲ ಭಾಯ್, ಅಕ್ಕನಿಗೆ ಇಲ್ಲಿ ಕೆಲಸ ಇದೆ ಅಂದೆ." ಆಮೇಲೆ ತಿರುಗಿ, ನಿಜವಾಗಿಯೂ ಅಕ್ಕರೆಯಿರುವವನಂತೆ ಹೇಳಿದ: "ಇವತ್ತು ಚೆನ್ನಾಗಿ ಮಾಡಿದೆ ಆಪಾ. ನಾಳೆ ಸಾತನೂರಿನಿಂದ ಇಬ್ಬರು ಬರ್ತಾರೆ. ಇನ್ನು ಮೇಲೆ ಹತ್ತೇ ಇರಲಿ. ಹೋಗು, ಊಟ ಮಾಡು."

ಮನೆ ಅಂಗಡಿಯ ಹಿಂದೆಯೇ, ಒಂದು ಓಣಿ ದಾಟಿದರೆ. ಕೆಹಕಶಾನ್ ಒಲೆಯ ಮುಂದೆ ಇದ್ದಳು. ಮುನ್ನೀ ಒಳಗೆ ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಕಟ್ಟೆಯ ಮೇಲೆ, ಮುನ್ನೀಯ ತಟ್ಟೆಯ ಪಕ್ಕದಲ್ಲಿ, ಒಂದು ಸ್ಟೀಲಿನ ಬಟ್ಟಲು ಇತ್ತು. ಅದರ ತುಂಬ ಆಗತಾನೇ ನುಣ್ಣಗೆ ಕಲಸಿದ ಮೆಹಂದಿ.

"ಈ ಸಲ ನಿಂಬೆಹಣ್ಣು ಹಿಂಡಿಲ್ಲ," ಎಂದಳು ಕೆಹಕಶಾನ್, ಒಲೆಯ ಕಡೆ ನೋಡುತ್ತಲೇ. "ಉರಿಯುತ್ತೆ."

ಮುನ್ನೀ ಬಟ್ಟಲನ್ನು ಎಡಗೈಯಲ್ಲಿ ತೆಗೆದುಕೊಂಡು ಒಳಕೋಣೆಗೆ ಹೋದಳು. ಮಿಸ್ಬಾ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಅವಳ ಪಕ್ಕ ಗೋಡೆಗೊರಗಿ ಕೂತು, ಮುನ್ನೀ ಬಟ್ಟಲನ್ನು ನೆಲಕ್ಕಿಟ್ಟು, ಬಲಗೈಯನ್ನು ಚಾಪೆಯ ಅಂಚಿನ ಮೇಲೆ ಅಂಗಾತ ಚಾಚಿದಳು. ಅಂಗೈಯ ನಡುವೆ ತಾಮ್ರದ ಚೌಕದ ಗುರುತು ಮೂಡಿತ್ತು, ನಾಲ್ಕು ಮೂಲೆಗಳೂ ಸ್ಪಷ್ಟವಾಗಿ.

ಮಗು ನಿದ್ದೆಯಲ್ಲೇ ಹೊರಳಿತು. ಕೈಯಿಂದ ಏನನ್ನೋ ತಡಕಾಡಿ, ಅತ್ತೆಯ ತೋರುಬೆರಳು ಸಿಕ್ಕಿದಾಗ ಅದನ್ನು ಐದೂ ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡಿತು. ಮಗುವಿನ ಹಿಡಿ ಬೆಚ್ಚಗಿತ್ತು. ಬೆವೆತು ಅಂಟಂಟಾಗಿತ್ತು. ಸಣ್ಣ ಉಗುರುಗಳು ಒಂದೊಂದೂ ಬೇರೆ ಬೇರೆಯಾಗಿ ತಿಳಿಯುತ್ತಿದ್ದವು.

ಅವಳು ಬೆರಳು ಬಿಡಿಸಿಕೊಳ್ಳಲಿಲ್ಲ. ಪಕ್ಕದ ಬಟ್ಟಲಿನಲ್ಲಿ ಮೆಹಂದಿಯ ಮೇಲೆ ತೆಳ್ಳಗೆ ಕೆನೆಗಟ್ಟತೊಡಗಿತ್ತು.